ದಾಖಲೆಗಳ ಸಮಯಮುದ್ರೆಗೆ ಸರಳ ಬ್ಲಾಕ್‌ಚೈನ್: ಸರಪಳಿ ನನ್ನೊಬ್ಬನ ಬಳಿಯೇ ಇದ್ದರೆ ಅದನ್ನು ಯಾರಾದರೂ ಏಕೆ ನಂಬಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ದಾಖಲೆಯು ಇಂಥ ದಿನಕ್ಕೆ ಮೊದಲೇ ಇದೇ ರೂಪದಲ್ಲಿ ಇತ್ತು ಎಂಬುದನ್ನು ಮುಂದೆ ಯಾರಿಗಾದರೂ ತೋರಿಸಿಕೊಡಲು ನೆರವಾಗುವ ಚಿಕ್ಕ ತಂತ್ರಾಂಶವೊಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ನಮ್ಮದು ಕೆಲವೇ ಜನರ ತಂಡ. ಪ್ರಯೋಗಗಳ ಟಿಪ್ಪಣಿ, ವರದಿಗಳ ಕರಡು, ಒಪ್ಪಂದಗಳ ಪ್ರತಿ ಇವೆಲ್ಲ ನಮ್ಮ ನಡುವೆ ಓಡಾಡುತ್ತಿರುತ್ತವೆ. ಯಾವ ಕರಡು ಯಾವಾಗ ಸಿದ್ಧವಾಯಿತು ಎಂಬ ಬಗ್ಗೆ ಎರಡು ಬಾರಿ ತಕರಾರು ಎದ್ದದ್ದರಿಂದ ಈ ಕೆಲಸಕ್ಕೆ ಕೈ ಹಾಕಿದೆ.

ಈಗಿರುವ ವ್ಯವಸ್ಥೆ ಹೀಗಿದೆ. ಬಳಕೆದಾರರು ಕಡತವನ್ನು ಸರ್ವರ್‌ಗೆ ಏರಿಸುತ್ತಾರೆ. ಸರ್ವರ್ ಅದರ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೈಟ್‌ಗಳಿಂದ ಹುಟ್ಟುವ, ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ, ಆ ಹ್ಯಾಶ್, ಆ ಹೊತ್ತಿನ ಗಡಿಯಾರದ ಸಮಯ ಮತ್ತು ಹಿಂದಿನ ಬ್ಲಾಕಿನ ಹ್ಯಾಶ್ ಈ ಮೂರನ್ನು ಸೇರಿಸಿ ಹೊಸ ಬ್ಲಾಕ್ ಕಟ್ಟುತ್ತದೆ. ಹೆಕ್ಸಾಡೆಸಿಮಲ್‌ನಲ್ಲಿ ಬರೆದಾಗ ಬ್ಲಾಕಿನ ಹ್ಯಾಶ್ ನಾಲ್ಕು ಸೊನ್ನೆಗಳಿಂದ ಶುರುವಾಗಬೇಕೆಂಬ ನಿಯಮವನ್ನೂ ಇಟ್ಟಿದ್ದೇನೆ. ನಡುವಿನ ಒಂದು ಬ್ಲಾಕಿನಲ್ಲಿ ಒಂದೇ ಅಕ್ಷರ ತಿದ್ದಿ ನೋಡಿದಾಗ, ಅಲ್ಲಿಂದ ಮುಂದಕ್ಕೆ ಸರಪಳಿ ಕಡಿದಿದೆ ಎಂದು ತಂತ್ರಾಂಶ ಸರಿಯಾಗಿಯೇ ಹೇಳಿತು. ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಆದರೆ ಸಹೋದ್ಯೋಗಿಯೊಬ್ಬರು, "ಸರಪಳಿ ಇರುವ ಕಡತವೇ ನಿಮ್ಮ ಕೈಯಲ್ಲಿದೆಯಲ್ಲ, ನೀವೇ ಹಳೆಯ ಬ್ಲಾಕನ್ನು ತಿದ್ದಿ ಅದರ ನಂತರದ್ದನ್ನೆಲ್ಲ ಮತ್ತೆ ಲೆಕ್ಕ ಹಾಕಿಬಿಟ್ಟರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದರು. ಮನೆಗೆ ಬಂದು ಹಾಗೆಯೇ ಮಾಡಿ ನೋಡಿದೆ. ಎರಡನೆಯ ಬ್ಲಾಕಿನ ದಿನಾಂಕವನ್ನು ಒಂದು ತಿಂಗಳು ಹಿಂದಕ್ಕೆ ಸರಿಸಿ, ಉಳಿದ ನಲವತ್ತು ಬ್ಲಾಕುಗಳನ್ನು ಹೊಸದಾಗಿ ಕಟ್ಟಿದೆ. ಲ್ಯಾಪ್‌ಟಾಪಿಗೆ ಒಂದು ನಿಮಿಷವೂ ಹಿಡಿಯಲಿಲ್ಲ, ಪರಿಶೀಲನೆಯ ಭಾಗವು "ಸರಪಳಿ ಸರಿಯಾಗಿದೆ" ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಆ ಹಸಿರು ಸಾಲನ್ನು ನೋಡಿದ ಮೇಲೆ ಇದನ್ನು ತಂಡದವರ ಕೈಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಸೊನ್ನೆಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಸಾಕೇ, ಅಥವಾ ಎಲ್ಲವನ್ನೂ ಇಥೀರಿಯಂನಂಥ, ಅನೇಕರು ಸೇರಿ ನಡೆಸುವ ಸಾರ್ವಜನಿಕ ಚೈನ್‌ಗೆ ಒಯ್ಯಬೇಕೇ? ಒಯ್ದರೆ ಅಲ್ಲಿ ಏನನ್ನು ಬರೆಯಬೇಕು? ಇನ್ನೊಂದು ವಿಷಯ: ನಾನು ಒಮ್ಮೆ ನೋಂದಾಯಿಸಿದ್ದ ವರದಿಯನ್ನು ತೆರೆದು, ಏನನ್ನೂ ತಿದ್ದದೆ ಮತ್ತೆ ಉಳಿಸಿದ ಮೇಲೆ ಹ್ಯಾಶ್ ತಾಳೆಯಾಗಲಿಲ್ಲ. ಅದು ನನ್ನ ತಂತ್ರಾಂಶದ ದೋಷವೇ?

ಉತ್ತರ 1

ನಿಮ್ಮ ಸಹೋದ್ಯೋಗಿ ಕೇಳಿದ ಪ್ರಶ್ನೆಯೇ ಈ ಇಡೀ ವಿಷಯದ ತಿರುಳು. ಅದನ್ನು ನೀವೇ ಮಾಡಿ ನೋಡಿದ್ದು ಬಹಳ ಒಳ್ಳೆಯದಾಯಿತು. ನೀವು ಕಟ್ಟಿರುವುದು ಅಚ್ಚುಕಟ್ಟಾದ ಲೆಕ್ಕದ ಪುಸ್ತಕ; ಸಾಕ್ಷಿ ಇನ್ನೂ ಅದಕ್ಕೆ ಸಿಕ್ಕಿಲ್ಲ. ಹ್ಯಾಶ್‌ಗಳ ಕೊಂಡಿಯು ಬ್ಲಾಕುಗಳ ಅನುಕ್ರಮವನ್ನು ಬಿಗಿಯುತ್ತದೆಯೇ ಹೊರತು, ಆ ಕೊಂಡಿಯನ್ನು ನೀವು ಇವತ್ತು ಕಟ್ಟಿದಿರೋ ಹೋದ ವರ್ಷ ಕಟ್ಟಿದಿರೋ ಎಂಬುದನ್ನು ಅದರಷ್ಟಕ್ಕೆ ಹೇಳಲಾರದು. ಸರಪಳಿಯ ತುದಿಯ ಹ್ಯಾಶ್ ನಿಮ್ಮ ಹಿಡಿತಕ್ಕೆ ಸಿಗದ, ಬೇರೆಯವರು ಕಾಪಾಡಿಕೊಂಡು ಬರುವ ಜಾಗದಲ್ಲಿ ದಾಖಲಾದ ಗಳಿಗೆಯಿಂದ ಮಾತ್ರ ಅದರ ಹಿಂದಿರುವುದನ್ನು ತಿದ್ದಲು ಬಾರದು.

ಸೊನ್ನೆಗಳನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ನಾಲ್ಕು ಸೊನ್ನೆಗಳೆಂದರೆ, ಹೊಂದುವ ಹ್ಯಾಶ್ ಸಿಗುವವರೆಗೆ ಸರಾಸರಿ 65,536 ಪ್ರಯತ್ನಗಳು, ಐದಾದರೆ ಅದರ ಹದಿನಾರು ಪಟ್ಟು. ನಿಜವಾದ ಬ್ಲಾಕ್ ಕಟ್ಟಲು ನೀವು ಎಷ್ಟು ಶ್ರಮ ಹಾಕುತ್ತೀರೋ ಸುಳ್ಳು ಬ್ಲಾಕ್ ಕಟ್ಟಲೂ ಅಷ್ಟೇ ಶ್ರಮ ಸಾಕು. ಬಿಟ್‌ಕಾಯಿನ್‌ನಲ್ಲಿ ಈ ಶ್ರಮಕ್ಕೆ ಬೆಲೆ ಬಂದಿರುವುದು, ಪರಸ್ಪರ ಪರಿಚಯವೇ ಇಲ್ಲದ ಅನೇಕರು ಸ್ಪರ್ಧೆಗೆ ಬಿದ್ದು ಅದನ್ನು ಮಾಡುತ್ತಿರುವುದರಿಂದ; ಅಲ್ಲಿ ಹಳೆಯದನ್ನು ತಿದ್ದಲು ಹೊರಟವನು ಅವರೆಲ್ಲರ ಒಟ್ಟು ಬಲವನ್ನು ಮೀರಬೇಕು. ನೀವೊಬ್ಬರೇ ಇರುವ ಜಾಲದಲ್ಲಿ ಆ ಭಾಗ ಬರೀ ವಿದ್ಯುತ್ತಿನ ಖರ್ಚು. ನನ್ನನ್ನು ಕೇಳಿದರೆ ಆ ಸಾಲುಗಳನ್ನು ಇವತ್ತೇ ಅಳಿಸಿಬಿಡಿ.

ಈ ಸಮಸ್ಯೆ ಬಿಟ್‌ಕಾಯಿನ್‌ಗಿಂತ ಹಳೆಯದು, ಪರಿಹಾರವೂ ಅಷ್ಟೇ ಹಳೆಯದು. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಅವರು ಡಿಜಿಟಲ್ ದಾಖಲೆಗಳಿಗೆ ಸಮಯಮುದ್ರೆ ಒತ್ತುವ ಬಗೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಮುದ್ರೆ ಒತ್ತುವ ಸಂಸ್ಥೆಯೇ ಮೋಸ ಮಾಡಲು ಹೊರಟರೂ ಸಾಧ್ಯವಾಗಬಾರದು ಎಂಬುದು ಅವರ ಗುರಿಯಾಗಿತ್ತು, ಅದಕ್ಕಾಗಿ ಒಂದು ಪ್ರಮಾಣಪತ್ರವನ್ನು ಹಿಂದಿನದರ ಹ್ಯಾಶ್‌ಗೆ ಕಟ್ಟಿದರು. ಮುಂದೆ ಅವರು ಹುಟ್ಟುಹಾಕಿದ ಶ್ಯೂರಿಟಿ ಎಂಬ ಕಂಪನಿಯು 1995ರಿಂದ ವಾರಕ್ಕೊಮ್ಮೆ ಒಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ಅಚ್ಚು ಹಾಕಿಸತೊಡಗಿತು. ಪತ್ರಿಕೆಯ ಪ್ರತಿಗಳು ಗ್ರಂಥಾಲಯಗಳಿಗೂ ಓದುಗರ ಮನೆಗಳಿಗೂ ಹಂಚಿಹೋದ ಮೇಲೆ, ಆ ವಾರದ ಹ್ಯಾಶನ್ನು ಬದಲಿಸಲು ಯಾರು ತಾನೇ ಎಲ್ಲ ಪ್ರತಿಗಳನ್ನೂ ಹುಡುಕಿ ತಿದ್ದಿಯಾರು? 2008ರ ಬಿಟ್‌ಕಾಯಿನ್ ಪ್ರಬಂಧವು ಇವರ ಕೆಲಸವನ್ನು ಹೆಸರಿಸಿಯೇ ಮುಂದುವರಿಯುತ್ತದೆ.

ನಿಮ್ಮ ತಂತ್ರಾಂಶಕ್ಕೂ ಅದೇ ದಾರಿ ಸಾಕು. ಒಂದೊಂದು ದಾಖಲೆಯನ್ನೂ ಸಾರ್ವಜನಿಕ ಚೈನ್‌ಗೆ ಕಳುಹಿಸಬೇಕಾಗಿಲ್ಲ. ದಿನವಿಡೀ ಬಂದ ಹ್ಯಾಶ್‌ಗಳನ್ನು ಮರ್ಕಲ್ ಮರವಾಗಿ ಜೋಡಿಸಿ, ಅಂದರೆ ಎರಡೆರಡನ್ನು ಸೇರಿಸಿ ಹ್ಯಾಶ್ ಮಾಡುತ್ತ ಕೊನೆಗೆ ಒಂದೇ ಬೇರು ಉಳಿಯುವಂತೆ ಮಾಡಿ, ಆ 32 ಬೈಟ್‌ಗಳ ಬೇರನ್ನಷ್ಟೇ ಹೊರಗೆ ಪ್ರಕಟಿಸಿ. ತನ್ನ ದಾಖಲೆ ಆ ಮರದಲ್ಲಿತ್ತು ಎಂದು ತೋರಿಸಬೇಕಾದವರಿಗೆ ದಾರಿಯುದ್ದಕ್ಕೂ ಸಿಗುವ ಪಕ್ಕದ ಹ್ಯಾಶ್‌ಗಳಿದ್ದರೆ ಸಾಕು: ಸಾವಿರ ದಾಖಲೆಗಳಿದ್ದರೆ ಹತ್ತು, ಹತ್ತು ಲಕ್ಷವಿದ್ದರೂ ಇಪ್ಪತ್ತು, ಎಂದರೆ ಬರೀ 640 ಬೈಟ್‌ಗಳು.

ಹೊರಗೆ ಪ್ರಕಟಿಸುವ ಕೆಲಸಕ್ಕೆ ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಮುಕ್ತ ವ್ಯವಸ್ಥೆ ಈಗಾಗಲೇ ಇದೆ. ಪೀಟರ್ ಟಾಡ್ ಅವರು 2016ರಲ್ಲಿ ಅದನ್ನು ಪರಿಚಯಿಸಿದರು. ಅದರ ಕ್ಯಾಲೆಂಡರ್ ಸರ್ವರ್‌ಗಳು ಅನೇಕರ ಹ್ಯಾಶ್‌ಗಳನ್ನು ಒಂದು ಮರವಾಗಿ ಕಟ್ಟಿ, ಬೇರನ್ನು ಬಿಟ್‌ಕಾಯಿನ್ ವ್ಯವಹಾರವೊಂದರೊಳಗೆ ಇಡುತ್ತವೆ. ಮೊದಲು ನಿಮ್ಮ ಕೈಗೆ ಸಿಗುವುದು ಅರೆ ಪುರಾವೆ. ವ್ಯವಹಾರವು ಬ್ಲಾಕಿನೊಳಗೆ ಸೇರಿದ ಬಳಿಕ ಅದನ್ನು ಪೂರ್ತಿಗೊಳಿಸಿಕೊಳ್ಳಬೇಕು. ಪೂರ್ತಿಯಾದ ಮೇಲೆ ಆ ಸರ್ವರ್‌ಗಳು ನಾಳೆ ನಿಂತುಹೋದರೂ ಪುರಾವೆಗೆ ಧಕ್ಕೆಯಿಲ್ಲ, ಏಕೆಂದರೆ ನಿಮ್ಮ ಹ್ಯಾಶ್‌ನಿಂದ ಬ್ಲಾಕಿನ ಶೀರ್ಷಿಕೆಯವರೆಗಿನ ಇಡೀ ದಾರಿ ಅದರಲ್ಲೇ ಬರೆದಿರುತ್ತದೆ. ಈ ಪೂರ್ತಿಗೊಳಿಸುವ ಹಂತವನ್ನು ಮರೆಯುವವರು ಬಹಳ. ಅದನ್ನು ಮಾರನೆಯ ದಿನ ತಾನಾಗಿಯೇ ನಡೆಯುವ ಕೆಲಸವಾಗಿ ನಿಮ್ಮ ಸರ್ವರ್‌ನಲ್ಲಿ ಇಟ್ಟುಬಿಡಿ.

ಉತ್ತರ 2

ಮೇಲಿನ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೂ ನೀವು ಇಥೀರಿಯಂ ಬಗ್ಗೆ ನೇರವಾಗಿ ಕೇಳಿದ್ದೀರಿ, ಮತ್ತು ಸ್ವತಃ ಒಂದು ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್‌ನ ಮೇಲೆಯೇ ನಡೆಯುವ ಪುಟ್ಟ ಪ್ರೋಗ್ರಾಮ್) ಬರೆದು ಕಲಿಯುವುದರಲ್ಲಿ ನಿಜವಾದ ಲಾಭವಿದೆ. ಆದ್ದರಿಂದ ಆ ದಾರಿಯ ವಿವರವನ್ನು ಬರೆಯುತ್ತಿದ್ದೇನೆ.

ಸಾಲಿಡಿಟಿ ಭಾಷೆಯಲ್ಲಿ ಈ ಕಾಂಟ್ರಾಕ್ಟ್ ಇಪ್ಪತ್ತು ಸಾಲು ದಾಟುವುದಿಲ್ಲ. 32 ಬೈಟ್‌ಗಳ ಹ್ಯಾಶ್‌ನಿಂದ ಸಮಯಕ್ಕೆ ಒಂದು ಮ್ಯಾಪಿಂಗ್ (ಜೋಡಿ ಪಟ್ಟಿ) ಇಡಿ. ನೋಂದಾಯಿಸುವ ಫಂಕ್ಷನ್ ಮೊದಲು ಆ ಹ್ಯಾಶ್‌ನ ಜಾಗದಲ್ಲಿ ಸೊನ್ನೆ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಆ ಬ್ಲಾಕಿನ ಸಮಯವನ್ನು ಬರೆಯಲಿ. ಈ ಒಂದು ಪರೀಕ್ಷೆಯನ್ನು ಬಿಟ್ಟರೆ, ಅದೇ ಹ್ಯಾಶನ್ನು ಎರಡನೆಯ ಬಾರಿ ಕಳುಹಿಸಿದವರು ಹಳೆಯ ಸಮಯವನ್ನು ಅಳಿಸಿ ಹೊಸದನ್ನು ಕೂರಿಸಿಬಿಡಬಹುದು, ಆಗ ನಿಮ್ಮ ಪುರಾವೆಯೇ ಕಳೆದುಹೋಯಿತು. ಖರ್ಚಿನ ಮಾತಿಗೆ ಬಂದರೆ, ಯಾವ ವ್ಯವಹಾರಕ್ಕಾದರೂ 21,000 ಗ್ಯಾಸ್ (ಇಥೀರಿಯಂನಲ್ಲಿ ಶುಲ್ಕ ಅಳೆಯುವ ಘಟಕ) ಮೂಲ ಶುಲ್ಕವಿದೆ. ಹೊಸ ಜಾಗದಲ್ಲಿ ಒಂದು ಮೌಲ್ಯ ಬರೆಯಲು ಅದರ ಮೇಲೆ 22,100 ಗ್ಯಾಸ್ ಬೇಕು. ಮ್ಯಾಪಿಂಗ್ ಬದಲು ಒಂದು ಇವೆಂಟ್ (ಚೈನ್‌ನ ದಾಖಲೆಯಲ್ಲಿ ಉಳಿಯುವ ಪ್ರಕಟಣೆ) ಮಾತ್ರ ಹೊರಡಿಸಿದರೆ ಆ ಎರಡನೆಯ ಮೊತ್ತವು ಒಂದೂವರೆ ಸಾವಿರದೊಳಗೆ ಇಳಿಯುತ್ತದೆ. ಇವೆಂಟ್‌ಗಳನ್ನು ಬೇರೆ ಕಾಂಟ್ರಾಕ್ಟ್‌ಗಳು ಓದಲಾರವು, ಹೊರಗಿನ ತಂತ್ರಾಂಶಗಳು ಓದಬಲ್ಲವು. ನಿಮಗೆ ಬೇಕಿರುವುದು ಹೊರಗಿನ ಪರಿಶೀಲನೆಯೇ ಆದ್ದರಿಂದ ಇವೆಂಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಮೊದಲು ಸೆಪೋಲಿಯಾ ಪರೀಕ್ಷಾ ಜಾಲದಲ್ಲಿ ನಡೆಸಿ ನೋಡಿ. ಆದರೆ ಪರೀಕ್ಷಾ ಜಾಲದ ಮುದ್ರೆಯನ್ನು ಪುರಾವೆಯೆಂದು ಯಾರಿಗೂ ಕೊಡಬೇಡಿ, ಆ ಜಾಲಗಳನ್ನು ಶಾಶ್ವತವಾಗಿ ಉಳಿಸುವ ಉದ್ದೇಶ ಯಾರಿಗೂ ಇರುವುದಿಲ್ಲ.

ಎರಡು ಕಡೆ ಎಚ್ಚರ ಬೇಕು. ಮೊದಲನೆಯದು, ನೀವು ಕಳುಹಿಸಿದ ವ್ಯವಹಾರವು ಬ್ಲಾಕಿಗೆ ಸೇರುವ ಮುನ್ನ ಸರದಿಯಲ್ಲಿ ಕಾಯುತ್ತಿರುವಾಗ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿದವರು ಅದೇ ಹ್ಯಾಶನ್ನು ಹೆಚ್ಚು ಶುಲ್ಕ ಕೊಟ್ಟು ತಮ್ಮ ವಿಳಾಸದಿಂದ ಮೊದಲೇ ನೋಂದಾಯಿಸಬಹುದು. ದಾಖಲೆ ಆ ಹೊತ್ತಿಗೆ ಇತ್ತು ಎಂಬ ಮಾತಿಗೆ ಇದರಿಂದ ಕುಂದಿಲ್ಲ, ಆದರೆ ಯಾರದು ಎಂಬ ಮಾತು ಕಲಸಿಹೋಗುತ್ತದೆ. ದಾಖಲೆಯ ಹ್ಯಾಶ್ ಮತ್ತು ನಿಮ್ಮ ವಿಳಾಸ ಎರಡನ್ನೂ ಸೇರಿಸಿ ಮತ್ತೊಮ್ಮೆ ಹ್ಯಾಶ್ ಮಾಡಿ ಅದನ್ನು ಕಳುಹಿಸಿದರೆ, ಕದ್ದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಹ್ಯಾಶ್‌ನಿಂದ ದಾಖಲೆಯನ್ನು ಹಿಂದಕ್ಕೆ ಪಡೆಯಲಾಗದು ಎಂಬ ಮಾತು ನಿಜ, ಆದರೆ ದಾಖಲೆಯನ್ನು ಊಹಿಸಿ ಹ್ಯಾಶ್ ತಾಳೆ ನೋಡುವುದನ್ನು ಯಾರೂ ತಡೆಯಲಾರರು. ಒಪ್ಪಂದದ ಮಾದರಿಯೆಲ್ಲ ಒಂದೇ ಆಗಿದ್ದು ಮೊತ್ತ ಮತ್ತು ದಿನಾಂಕ ಮಾತ್ರ ಬೇರೆಯಿದ್ದರೆ, ಸಾಧ್ಯವಿರುವ ಎಲ್ಲ ಮೊತ್ತಗಳನ್ನೂ ದಿನಾಂಕಗಳನ್ನೂ ಹಾಕಿ ನೋಡಲು ಸಾಮಾನ್ಯ ಕಂಪ್ಯೂಟರಿಗೂ ಹೆಚ್ಚು ಹೊತ್ತು ಬೇಡ. ಆದ್ದರಿಂದ ಪ್ರತಿ ದಾಖಲೆಗೂ 32 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು ಸೇರಿಸಿ ಹ್ಯಾಶ್ ಮಾಡಿ, ಆ ಸಂಖ್ಯೆಯನ್ನು ಪುರಾವೆಯ ಜೊತೆಗೆ ಮಾಲೀಕರ ಬಳಿಯೇ ಉಳಿಸಿ.

ಇನ್ನು, ಕಡತವನ್ನು ಸರ್ವರ್‌ಗೆ ಏರಿಸುವ ಅಗತ್ಯವೇ ಇಲ್ಲ. ಬ್ರೌಸರ್‌ನಲ್ಲೇ ಇರುವ ವೆಬ್ ಕ್ರಿಪ್ಟೋ ಎಸ್‌ಎಚ್‌ಎ-256 ಲೆಕ್ಕ ಹಾಕುತ್ತದೆ. ಹ್ಯಾಶ್ ಮಾತ್ರ ಹೊರಗೆ ಹೋಗಲಿ, ದಾಖಲೆ ಅದರ ಯಜಮಾನರ ಯಂತ್ರದಲ್ಲೇ ಇರಲಿ. ಇಥೀರಿಯಂನೊಳಗೆ ಬಳಕೆಯಲ್ಲಿರುವ ಕೆಚಕ್-256 ಮತ್ತು 2015ರಲ್ಲಿ ಪ್ರಮಾಣೀಕರಣಗೊಂಡ ಎಸ್‌ಎಚ್‌ಎ-3 ಒಂದೇ ಮನೆತನದವಾದರೂ ಒಂದೇ ಉತ್ತರ ಕೊಡುವುದಿಲ್ಲ, ಬೈಟ್‌ಗಳನ್ನು ತುಂಬಿಸುವ ಕ್ರಮದಲ್ಲಿ ವ್ಯತ್ಯಾಸವಿದೆ. ಹಾಗಾಗಿ ಯಾವ ವಿಧಾನ ಬಳಸಿದಿರಿ ಎಂಬುದನ್ನು ಪುರಾವೆಯಲ್ಲೇ ಸ್ಪಷ್ಟವಾಗಿ ಬರೆದಿಡಿ.

ಉತ್ತರ 3

ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ದೋಷ ನಿಮ್ಮ ತಂತ್ರಾಂಶದ್ದಲ್ಲ. ನಾವು ಓದುವುದು ಅಕ್ಷರಗಳನ್ನು, ಹ್ಯಾಶ್ ನೋಡುವುದು ಬೈಟ್‌ಗಳನ್ನು. ವರದಿಯನ್ನು ತೆರೆದು ಮತ್ತೆ ಉಳಿಸಿದಾಗ ಕೊನೆಯ ಬಾರಿ ತಿದ್ದಿದ ಸಮಯದಂಥ ವಿವರಗಳನ್ನು ಸಂಪಾದಕ ತಂತ್ರಾಂಶವು ಕಡತದೊಳಗೇ ಹೊಸದಾಗಿ ಬರೆಯುತ್ತದೆ, ಅಷ್ಟು ಸಾಕು.

ನನಗೆ ಇದು ಮನದಟ್ಟಾದದ್ದು ಕನ್ನಡದ ಒಂದು ಪಠ್ಯ ಕಡತದಿಂದ. ನೋಂದಾಯಿಸಿದ ಪ್ರತಿ ಮತ್ತು ಬೇರೊಂದು ಉಪಕರಣದ ಮೂಲಕ ಹಾದು ಬಂದ ಪ್ರತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಒಂದು ಕೊಂಬೂ ವ್ಯತ್ಯಾಸವಿರಲಿಲ್ಲ, ಹ್ಯಾಶ್‌ಗಳು ಮಾತ್ರ ಸಂಪೂರ್ಣ ಬೇರೆ. ಕೊನೆಗೆ ಬೈಟ್‌ಗಳನ್ನು ಎಣಿಸಿದಾಗ ಗುಟ್ಟು ತಿಳಿಯಿತು. "ಕೊಡು" ಎಂಬ ಪದ ಒಂದು ಕಡತದಲ್ಲಿ 12 ಬೈಟ್‌ಗಳಷ್ಟಿತ್ತು, ಇನ್ನೊಂದರಲ್ಲಿ 15. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ ಅಲ್ಲಿ ಮೂರು ಬೈಟ್ ಹೆಚ್ಚಾಗಿತ್ತು. ದೀರ್ಘವಾದ ಓಕಾರವನ್ನು ಮೂರು ಸಂಕೇತಗಳವರೆಗೂ ಬಿಡಿಸಬಹುದು. ಸಾಲು ಮುಗಿಯುವ ಗುರುತು ಕೂಡ ಇದೇ ಬಗೆಯದು: ವಿಂಡೋಸ್‌ನಲ್ಲಿ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದು, ಗಿಟ್‌ನಂಥ ಉಪಕರಣಗಳು ಕೆಲವು ಸೆಟ್ಟಿಂಗ್‌ಗಳಲ್ಲಿ ಒಂದನ್ನು ಇನ್ನೊಂದಾಗಿ ಬದಲಿಸಿಬಿಡುತ್ತವೆ.

ಹಾಗಾದರೆ ಹ್ಯಾಶ್‌ಗೆ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರೋಣ ಎಂದು ಅನ್ನಿಸಬಹುದು. ನನ್ನ ಅನುಭವದಲ್ಲಿ ಅದು ಬೇಡ. ಹಾಗೆ ಮಾಡಿದರೆ ಹತ್ತು ವರ್ಷಗಳ ಬಳಿಕ ಪರಿಶೀಲಿಸುವವರು ನೀವು ಅಂದು ಬಳಸಿದ ನಿಯಮವನ್ನೂ ಅದೇ ರೀತಿ ಮರಳಿ ನಡೆಸಬೇಕಾಗುತ್ತದೆ, ಅಲ್ಲಿ ಒಂದು ತಪ್ಪಾದರೂ ಸಾಚಾ ದಾಖಲೆ ಸುಳ್ಳಾಗಿ ಕಾಣುತ್ತದೆ. ಬೈಟ್‌ಗಳನ್ನು ಬಂದಂತೆಯೇ ತೆಗೆದುಕೊಳ್ಳಿ. ನೋಂದಾಯಿಸಿದ ಕ್ಷಣದಲ್ಲೇ ಆ ಪ್ರತಿಯನ್ನು ಓದಲು ಮಾತ್ರ ಅನುಮತಿಯಿರುವ ಕಡತವಾಗಿ ಬೇರೆ ಕಡೆ ಎತ್ತಿಡಿ, ಪುರಾವೆಯನ್ನು ಅದರ ಪಕ್ಕದಲ್ಲೇ ಇಡಿ, ತಿದ್ದುಪಡಿಗೆ ಇನ್ನೊಂದು ಪ್ರತಿಯನ್ನು ಬಳಸಿ. ಮೂಲ ಪ್ರತಿ ಕಳೆದುಹೋದರೆ ಚೈನ್‌ನಲ್ಲಿರುವ ಹ್ಯಾಶ್‌ನಿಂದ ಏನೂ ಸಿಗುವುದಿಲ್ಲ. ಇದನ್ನು ತಂಡದವರಿಗೆ ಮೊದಲ ದಿನವೇ ತಿಳಿಸಿಬಿಡಿ.

ಪ್ರಶ್ನೆ ಕೇಳಿದವರು

ಇಷ್ಟು ಸಮಯ ಕೊಟ್ಟು ಬರೆದ ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸೊನ್ನೆಗಳ ನಿಯಮವನ್ನು ತೆಗೆದುಹಾಕಿದೆ. ದಿನಕ್ಕೊಂದು ಮರ್ಕಲ್ ಮರ ಕಟ್ಟಿ ಬೇರನ್ನು ಓಪನ್‌ಟೈಮ್‌ಸ್ಟ್ಯಾಂಪ್ಸ್‌ಗೆ ಕಳುಹಿಸುವ ಭಾಗವನ್ನು ಬರೆಯುತ್ತಿದ್ದೇನೆ. ಮೂರು ಸಂದೇಹಗಳು ಉಳಿದಿವೆ. ಬ್ಲಾಕಿನಲ್ಲಿರುವ ಸಮಯ ಎಷ್ಟು ನಿಖರ? ದಾಖಲೆಗಳ ಸಂಖ್ಯೆ ಬೆಸವಾಗಿದ್ದಾಗ ಕೊನೆಯ ಹ್ಯಾಶನ್ನು ಅದರೊಂದಿಗೇ ಜೋಡಿಸಬಹುದೇ? ಮತ್ತು, ದಾಖಲೆ ಆ ದಿನಕ್ಕಿಂತ *ಮೊದಲು* ಇತ್ತು ಎಂದು ಹೇಳಬಲ್ಲೆವು; ಒಂದು ದಿನದ *ನಂತರವೇ* ಹುಟ್ಟಿತು ಎಂದು ತೋರಿಸುವ ಬಗೆಯೂ ಇದೆಯೇ? ನಮ್ಮ ಪ್ರಯೋಗ ಟಿಪ್ಪಣಿಗಳಿಗೆ ಅದೂ ಬೇಕಾಗುತ್ತದೆ.

ಉತ್ತರ 1 ಬರೆದವರು

ಬಿಟ್‌ಕಾಯಿನ್ ಬ್ಲಾಕಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ನಂಬಬಾರದು. ಅದು ಹಿಂದಿನ 11 ಬ್ಲಾಕುಗಳ ಸಮಯಗಳ ಮಧ್ಯಾಂಕಕ್ಕಿಂತ ಹೆಚ್ಚಿರಬೇಕು, ಸ್ವೀಕರಿಸುವ ಯಂತ್ರಗಳ ಸಮಯಕ್ಕಿಂತ ಎರಡು ಗಂಟೆಗೂ ಹೆಚ್ಚು ಮುಂದಿರಬಾರದು, ನಿಯಮ ಇಷ್ಟೇ. ಜೊತೆಗೆ ಬ್ಲಾಕುಗಳ ನಡುವಿನ ಅಂತರ ಸರಾಸರಿ ಹತ್ತು ನಿಮಿಷ. ಹಾಗಾಗಿ "ಇಂಥ ದಿನ" ಎಂದು ಹೇಳಿ, "ಇಂಥ ಗಂಟೆ" ಎಂದು ಹೇಳಲು ಹೋಗಬೇಡಿ. ಇಥೀರಿಯಂನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬ್ಲಾಕ್ ಕಟ್ಟುವ ವಿಧಾನ ಬದಲಾದ ನಂತರ ಸಮಯವು 12 ಸೆಕೆಂಡುಗಳ ಸರದಿಗೆ ಕಟ್ಟುಬಿದ್ದಿದೆ, ಅಲ್ಲಿ ನಿಖರತೆ ಹೆಚ್ಚು. ಕರಡುಗಳ ತಕರಾರಿಗೆ ದಿನದ ಲೆಕ್ಕವೇ ಧಾರಾಳವಾಯಿತು.

ಬೆಸ ಸಂಖ್ಯೆಯ ಹ್ಯಾಶನ್ನು ದಯವಿಟ್ಟು ಅದರೊಂದಿಗೇ ಜೋಡಿಸಬೇಡಿ. ಹಾಗೆ ಮಾಡಿದರೆ ಮೂರು ದಾಖಲೆಗಳ ಪಟ್ಟಿಯೂ, ಕೊನೆಯದನ್ನು ಎರಡು ಸಲ ಬರೆದ ನಾಲ್ಕರ ಪಟ್ಟಿಯೂ ಒಂದೇ ಬೇರನ್ನು ಕೊಡುತ್ತವೆ. ಬಿಟ್‌ಕಾಯಿನ್ ತಂತ್ರಾಂಶದಲ್ಲೇ ಇದರಿಂದ ಹುಟ್ಟಿದ ಭದ್ರತಾ ದೋಷವೊಂದನ್ನು 2012ರಲ್ಲಿ ಸರಿಪಡಿಸಬೇಕಾಯಿತು. ಜೊತೆಯಿಲ್ಲದ ಹ್ಯಾಶನ್ನು ಹಾಗೆಯೇ ಮೇಲಿನ ಹಂತಕ್ಕೆ ಏರಿಸಿ. ಅದರೊಂದಿಗೆ, ಎಲೆಗಳನ್ನು (ಮರದ ತಳದ ದಾಖಲೆಗಳನ್ನು) ಹ್ಯಾಶ್ ಮಾಡುವಾಗ ಮುಂದೆ ಸೊನ್ನೆಯ ಬೈಟ್, ಒಳಗಿನ ಗಂಟುಗಳಿಗೆ (ಎರಡನ್ನು ಸೇರಿಸಿ ಪಡೆದ ಹ್ಯಾಶ್‌ಗಳಿಗೆ) ಒಂದರ ಬೈಟ್ ಸೇರಿಸಿ. ವೆಬ್ ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆಗಾಗಿ 2013ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6962 ಎಂಬ ತಾಂತ್ರಿಕ ದಾಖಲೆ ಇದೇ ಕ್ರಮವನ್ನು ವಿಧಿಸುತ್ತದೆ. ಈ ಒಂದು ಬೈಟ್ ಇದ್ದರೆ ಒಳಗಿನ ಗಂಟನ್ನು ಯಾರೂ ದಾಖಲೆಯೆಂದು ತೋರಿಸಿ ಮೋಸ ಮಾಡಲಾರರು.

ಮೂರನೆಯ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಟಿಪ್ಪಣಿ ಬರೆಯಲು ಕುಳಿತಾಗ ಅದರ ಮೊದಲ ಸಾಲಿನಲ್ಲಿ ಆಗಷ್ಟೇ ಬಂದ ಬಿಟ್‌ಕಾಯಿನ್ ಬ್ಲಾಕಿನ ಸಂಖ್ಯೆಯನ್ನೂ ಹ್ಯಾಶನ್ನೂ ಬರೆಯಿರಿ. ಆ ಹ್ಯಾಶನ್ನು ಮುಂಚಿತವಾಗಿ ಊಹಿಸಲು ಯಾರಿಗೂ ಸಾಧ್ಯವಿಲ್ಲದ್ದರಿಂದ, ಆ ಸಾಲನ್ನು ಹೊತ್ತ ಕಡತ ಆ ಬ್ಲಾಕಿನ ನಂತರವೇ ಈ ರೂಪಕ್ಕೆ ಬಂದಿರಬೇಕು. ಸಂಜೆ ಒತ್ತಿದ ಮುದ್ರೆ ಇನ್ನೊಂದು ಮೇರೆಯನ್ನು ಹಾಕುತ್ತದೆ. ಒಳಗಿನ ವಾಕ್ಯಗಳನ್ನು ಮೊದಲೇ ಬರೆದಿಟ್ಟುಕೊಂಡು ಇವತ್ತು ನಕಲು ಮಾಡಿರಬಹುದು ಎಂಬ ಸಾಧ್ಯತೆಯನ್ನು ಮಾತ್ರ ಇದು ತಳ್ಳಿಹಾಕುವುದಿಲ್ಲ. ಹಾಗೆಯೇ, ಪರಸ್ಪರ ವಿರುದ್ಧವಾದ ಹತ್ತು ಕರಡುಗಳಿಗೆ ಮುದ್ರೆ ಒತ್ತಿ, ಗೆದ್ದದ್ದನ್ನಷ್ಟೇ ಹೊರಗೆ ತೋರಿಸುವವರನ್ನೂ ಸಮಯಮುದ್ರೆ ಹಿಡಿದುಕೊಡಲಾರದು. ಅದಕ್ಕೆ ನಿಮ್ಮ ತಂಡದ ದಿನದ ಮರದಲ್ಲಿ ಎಷ್ಟು ಎಲೆಗಳಿದ್ದವು, ಯಾರ ಸಹಿಯೊಂದಿಗೆ ಬಂದವು ಎಂಬುದನ್ನೂ ಬೇರಿನೊಳಗೆ ಸೇರಿಸಿ ಬಿಗಿಯಬೇಕು.

ಹಲವು ವರ್ಷ ಇಡಬೇಕಾದ ದಾಖಲೆಗಳಿಗೆ ಇನ್ನೊಂದು ಮಾತು. ಎಸ್‌ಎಚ್‌ಎ-1 ವಿಧಾನದಲ್ಲಿ ಒಂದೇ ಹ್ಯಾಶ್ ಕೊಡುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು 2017ರ ಫೆಬ್ರುವರಿಯಲ್ಲಿ ಸಂಶೋಧಕರು ತಯಾರಿಸಿ ತೋರಿಸಿದರು. ಎಸ್‌ಎಚ್‌ಎ-256ಕ್ಕೂ ಎಂದಾದರೂ ಅಂಥ ಸೂಚನೆ ಕಂಡುಬಂದರೆ, ಅದು ಪೂರ್ತಿ ಮುರಿಯುವ ಮುನ್ನವೇ ಮೂಲ ಕಡತ ಮತ್ತು ಹಳೆಯ ಪುರಾವೆ ಎರಡನ್ನೂ ಸೇರಿಸಿ ಹೊಸ ವಿಧಾನದಲ್ಲಿ ಮತ್ತೊಮ್ಮೆ ಮುದ್ರೆ ಒತ್ತಿಸಿ. ಆಗ ಹಳೆಯ ದಿನಾಂಕ ಉಳಿಯುತ್ತದೆ. ನಿಮ್ಮ ಪುರಾವೆಯ ರಚನೆಯಲ್ಲಿ ಈ ಎರಡನೆಯ ಮುದ್ರೆಗೆ ಈಗಲೇ ಒಂದು ಜಾಗ ಬಿಟ್ಟಿರಿ.

ಪ್ರಶ್ನೆ ಕೇಳಿದವರು

ಮೊದಲ ಪುರಾವೆ ಪೂರ್ತಿಯಾಯಿತು. ಕಡತ, ಯಾದೃಚ್ಛಿಕ ಸಂಖ್ಯೆ, ಮರದೊಳಗಿನ ದಾರಿ ಮತ್ತು ಓಪನ್‌ಟೈಮ್‌ಸ್ಟ್ಯಾಂಪ್ಸ್ ಪುರಾವೆ ಈ ನಾಲ್ಕನ್ನು ಆ ಸಹೋದ್ಯೋಗಿಗೆ ಕೊಟ್ಟೆ. ಅವರು ನನ್ನ ಸರ್ವರ್ ಅನ್ನು ಮುಟ್ಟದೆ, ತಮ್ಮದೇ ಯಂತ್ರದಲ್ಲಿ ನಡೆಯುತ್ತಿರುವ ಬಿಟ್‌ಕಾಯಿನ್ ನೋಡ್‌ನೊಂದಿಗೆ (ಆ ಚೈನನ್ನು ಸ್ವತಃ ಪರಿಶೀಲಿಸುವ ತಂತ್ರಾಂಶ) ತಾಳೆ ನೋಡಿದರು, ಸರಿಯಾಗಿ ಬಂತು. ಬಳಿಕ ನಾನು ಮತ್ತೆ ಎರಡನೆಯ ದಾಖಲೆಯ ದಿನಾಂಕವನ್ನು ತಿದ್ದಿ, ಮರವನ್ನು ಹೊಸದಾಗಿ ಕಟ್ಟಿ ಅವರಿಗೆ ಕಳುಹಿಸಿದೆ. ಈ ಬಾರಿ ಬೇರು ಹೊಂದಲಿಲ್ಲ. ಪೂರ್ತಿಗೊಳಿಸುವ ಕೆಲಸವನ್ನು ಪ್ರತಿದಿನ ಬೆಳಿಗ್ಗೆ ನಡೆಯುವಂತೆ ಇಟ್ಟಿದ್ದೇನೆ. ಇಥೀರಿಯಂ ಕಾಂಟ್ರಾಕ್ಟನ್ನು ಸೆಪೋಲಿಯಾದಲ್ಲಿ ಕಲಿಕೆಗಾಗಿ ಪ್ರತ್ಯೇಕವಾಗಿ ಬರೆದು ನೋಡುತ್ತಿದ್ದೇನೆ.